ಹೆಸರು ಕಳೆದ ವಸ್ತುವಿಗೆ ತೂಕವೇ ಬೆಲೆ
ಅಂತರಜಾಲದ ಹರಾಜು: ಒಂದು ವಿಮರ್ಶೆ

ಕನ್ನಡದಲ್ಲಿ 'ಹರಾಜು' ಎಂಬುದು ಶುಭದ ಮಾತಲ್ಲ. ಮನೆ ಹರಾಜಿಗೆ ಬಂತೆಂದರೆ ಸಾಲ ತೀರಲಿಲ್ಲವೆಂದು ಅರ್ಥ. ಮಾನ ಹರಾಜಾಯಿತೆಂದರೆ ಇನ್ನು ಉಳಿದದ್ದು ಏನೂ ಇಲ್ಲವೆಂದು ಅರ್ಥ. ಆದರೆ ಅದೇ ಕ್ರಿಯೆಯನ್ನು ಕರಾವಳಿಯವರು 'ಏಲಂ' ಎಂದಾಗ ಕಣ್ಣೆದುರಿಗೆ ಬರುವ ಚಿತ್ರವೇ ಬೇರೆ: ದೇವಸ್ಥಾನದ ಅಂಗಳ, ಹರಕೆಗೆ ಬಂದ ಬಾಳೆಗೊನೆ, ಹಲಸಿನ ಹಣ್ಣು, ಸುತ್ತ ನಿಂತ ಊರವರ ನಗು. ಧಾರವಾಡದ ಕಡೆ 'ಲೀಲಾವು' ಎನ್ನುತ್ತಾರೆ. 'ಸವಾಲು' ಎನ್ನುವುದೂ ಉಂಟು. ಊರು ಬಿಟ್ಟು ಬಂದ ನಾವು ಇವುಗಳ ಜೊತೆಗೆ ಇನ್ನೂ ಕೆಲವನ್ನು ಕಲಿತಿದ್ದೇವೆ: ಮುಂಬಯಿ, ಪುಣೆಗಳಲ್ಲಿ ಲಿಲಾವ್, ದೆಹಲಿಯಲ್ಲಿ ನೀಲಾಮ್, ಚೆನ್ನೈಯಲ್ಲಿ ಏಲಂ, ಹೈದರಾಬಾದಿನಲ್ಲಿ ವೇಲಂ.

'ಹರಾಜು' ಅರಬ್ಬಿ ಮೂಲದ ಶಬ್ದ. 'ಸವಾಲು' ಕೂಡ ಅಲ್ಲಿಂದಲೇ ಬಂದದ್ದು. ಅದರ ಮೂಲಾರ್ಥ ಪ್ರಶ್ನೆ. ಲಿಲಾವ್, ನೀಲಾಮ್, ಏಲಂ, ವೇಲಂ ಇವೆಲ್ಲ ಪೋರ್ಚುಗೀಸರ 'ಲೆಯ್ಲಾಂವ್' ಎಂಬ ಒಂದೇ ಶಬ್ದದ ಮಕ್ಕಳು. 1583ರಿಂದ ಕೆಲವು ವರ್ಷ ಗೋವೆಯಲ್ಲಿದ್ದ ಲಿನ್‌ಸ್ಕೋಟನ್ ಎಂಬ ಡಚ್ ಪ್ರವಾಸಿ, ಆ ಊರಿನ ದೊಡ್ಡ ಬೀದಿಯಲ್ಲಿ ದಿನವೂ ಬೆಳಿಗ್ಗೆ ನಡೆಯುತ್ತಿದ್ದ ಹರಾಜನ್ನು ವರ್ಣಿಸಿದ್ದಾನೆ. ಅರಬ್ಬಿ ಕುದುರೆ, ಸಾಂಬಾರ ಪದಾರ್ಥ ಮಾತ್ರವಲ್ಲದೆ ಗುಲಾಮರನ್ನೂ ಅಲ್ಲಿ ಕೂಗಿ ಮಾರುತ್ತಿದ್ದರು. ಯಾರಾದರೂ ತೀರಿಕೊಂಡರೆ ಅವರ ಸಾಮಾನೂ ಅಲ್ಲಿಗೇ ಬರುತ್ತಿತ್ತು. ತಾಯ್ನಾಡಿನಿಂದ ದೂರ ಬಂದು ಸತ್ತವರ ಮನೆಸಾಮಾನು ಅಪರಿಚಿತರ ಕೈಸೇರುವ ದಾರಿ ನಾನೂರು ವರ್ಷಗಳ ಹಿಂದೆಯೇ ಹೀಗಿತ್ತು. ಹೊರನಾಡಿನಲ್ಲಿ ನೆಲೆಸಿದ ನಾವು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಂದಿನ ಅಂತರಜಾಲದ ಹರಾಜನ್ನು ನೋಡಬೇಕು.

ನೋಡುವ ಅಗತ್ಯವೂ ಈಗ ಬಂದಿದೆ. ಐವತ್ತು ಅರವತ್ತು ವರ್ಷಗಳ ಹಿಂದೆ ಈ ನಗರಗಳಿಗೆ ಟ್ರಂಕು, ಹಾಸಿಗೆ ಸುರುಳಿ ಹೊತ್ತು ಬಂದ ತಲೆಮಾರು ಮನೆಗಳನ್ನು ಬರಿದು ಮಾಡುತ್ತಿದೆ. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವಾಗ ಸಾಮಾನು ಎಲ್ಲಿಡುವುದೆಂಬ ಪ್ರಶ್ನೆ ಏಳುತ್ತದೆ. ಮಕ್ಕಳು ಬೇರೆ ಊರಲ್ಲೋ ಬೇರೆ ದೇಶದಲ್ಲೋ ಇರುತ್ತಾರೆ. ಅಟ್ಟದ ಮೇಲಿನ ಹಿತ್ತಾಳೆ ಹಂಡೆ, ಕಪಾಟಿನ ಕನ್ನಡ ಪುಸ್ತಕ ಯಾರಿಗೂ ಬೇಡ. 'ಆನ್‌ಲೈನ್‌ನಲ್ಲಿ ಹಾಕಿಬಿಡಿ' ಎಂದು ಹೇಳಿ ಮಗ ಫೋನು ಇಟ್ಟುಬಿಡುತ್ತಾನೆ. ಹಾಕಿದರೆ ಏನಾಗುತ್ತದೆ? ಅದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಒಂದು ಕೃತಿಯನ್ನು ವಿಮರ್ಶಿಸುವಾಗ ವಸ್ತು, ಭಾಷೆ, ರಚನೆ ಎಂದು ಬಿಡಿಸಿ ನೋಡುವುದು ನಮ್ಮ ರೂಢಿ. ಅದೇ ಕ್ರಮವನ್ನು ಇಲ್ಲಿಯೂ ಅನುಸರಿಸುತ್ತೇನೆ.

*

ಮೊದಲಿಗೆ ವಸ್ತು. ಅಂಗಡಿಯಲ್ಲಿರುವ ಹೊಸ ಕುಕ್ಕರಿಗೆ ಬೆಲೆಚೀಟಿ ಇರುತ್ತದೆ. ಅಂಥವು ಸಾವಿರಾರು ಇರುವುದರಿಂದ ಅದರ ಬೆಲೆಯ ಬಗ್ಗೆ ಯಾರಿಗೂ ಸಂಶಯವಿಲ್ಲ. ಹಳೆಯ ವಸ್ತುವಿನ ಸ್ಥಿತಿ ಹಾಗಲ್ಲ. ಹತ್ತು ವರ್ಷ ಬಳಸಿದ ಹೊಲಿಗೆ ಯಂತ್ರ, ಅಜ್ಜನ ಕೈಗಡಿಯಾರ, ಅಂಚೆಚೀಟಿಗಳ ಆಲ್ಬಮ್ಮು, ಮುದ್ರಣ ನಿಂತುಹೋದ ಪುಸ್ತಕ, ಇವು ಒಂದರಂತೆ ಇನ್ನೊಂದಿಲ್ಲ. ಇವಕ್ಕೆ ಬೆಲೆ ಹೇಳುವವರು ಯಾರು?

ನಮ್ಮ ಸಮಾಜ ಇದಕ್ಕೆ ಕಂಡುಕೊಂಡಿದ್ದ ಉತ್ತರ ಚೌಕಾಸಿ. ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಹೆಂಗಸು ಬಾಗಿಲಿಗೆ ಬಂದಾಗ ನಡೆಯುತ್ತಿದ್ದ ವ್ಯವಹಾರವನ್ನು ನೆನೆಯಿರಿ. ಅವಳು ಸೀರೆಯನ್ನು ಬಿಡಿಸಿ ಬೆಳಕಿಗೆ ಹಿಡಿಯುತ್ತಾಳೆ, ಜರಿಯನ್ನು ಉಗುರಿನಿಂದ ಕೆರೆದು ನೋಡುತ್ತಾಳೆ, ಇನ್ನೊಂದು ಪ್ಯಾಂಟು ಸೇರಿಸಿ ಎನ್ನುತ್ತಾಳೆ. ಗೃಹಿಣಿ ಡಬ್ಬಿಯನ್ನು ಬೆರಳಿನಿಂದ ತಟ್ಟಿ, ತಗಡು ತೆಳುವೆಂದು ಮೂಗು ಮುರಿಯುತ್ತಾಳೆ. ಒಬ್ಬಳು ಎದ್ದು ಹೊರಡುತ್ತಾಳೆ, ಇನ್ನೊಬ್ಬಳು ಕರೆಯುತ್ತಾಳೆ. ಇಲ್ಲಿ ಕೊಳ್ಳುವವಳೂ ಮಾರುವವಳೂ ಎದುರುಬದುರು ಕೂತಿದ್ದಾರೆ. ವಸ್ತು ಇಬ್ಬರ ಕೈಯಲ್ಲೂ ಓಡಾಡುತ್ತಿದೆ. ಮುಂಬಯಿಯ ಚೋರ್ ಬಜಾರಿನಲ್ಲಾಗಲಿ, 1985ರಲ್ಲಿ ಬೆಂಕಿಗೆ ಆಹುತಿಯಾದ ಚೆನ್ನೈಯ ಮೂರ್ ಮಾರ್ಕೆಟ್ಟಿನಲ್ಲಾಗಲಿ, 2019ರವರೆಗೆ ದೆಹಲಿಯ ದರಿಯಾಗಂಜಿನ ಕಾಲುದಾರಿಯಲ್ಲಿ ನಡೆದು ಆಮೇಲೆ ಮಹಿಳಾ ಹಾಟಿಗೆ ಸ್ಥಳಾಂತರಗೊಂಡ ಭಾನುವಾರದ ಪುಸ್ತಕ ಸಂತೆಯಲ್ಲಾಗಲಿ, ವ್ಯಾಪಾರದ ವ್ಯಾಕರಣ ಇದೇ.

ಹರಾಜಿನಲ್ಲಿ ಈ ವ್ಯಾಕರಣ ಬದಲಾಗುತ್ತದೆ. ಮಾರುವವನು ವಸ್ತುವನ್ನು ಮುಂದಿಟ್ಟು ಸುಮ್ಮನಾಗುತ್ತಾನೆ. ಇನ್ನು ಮುಂದಿನ ಪೈಪೋಟಿಯೆಲ್ಲ ಕೊಳ್ಳುವವರ ನಡುವೆ. ನನ್ನ ದೃಷ್ಟಿ ನಿಧಾನವಾಗಿ ವಸ್ತುವನ್ನು ಬಿಟ್ಟು ಪಕ್ಕದವನ ಮೇಲೆ ಹೋಗುತ್ತದೆ. ಈ ಪದ್ಧತಿಯ ಬಲವೂ ದೌರ್ಬಲ್ಯವೂ ಇಲ್ಲಿಯೇ ಇದೆ.

ಬಲವನ್ನು ಮೊದಲು ಹೇಳುವುದು ನ್ಯಾಯ. 1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಪಿಯರ್ ಒಮಿಡ್ಯಾರ್ ಎಂಬ ತರುಣ ತಂತ್ರಜ್ಞ ತನ್ನ ಬಿಡುವಿನ ವೇಳೆಯಲ್ಲಿ ಅಂತರಜಾಲದ ಹರಾಜು ಕಟ್ಟೆಯೊಂದನ್ನು ಆರಂಭಿಸಿದ. ಮುಂದೆ ಈಬೇ ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾದದ್ದು ಅದೇ. ಅಲ್ಲಿ ಮಾರಾಟವಾದ ಮೊದಲ ವಸ್ತು ಒಂದು ಕೆಟ್ಟುಹೋದ ಲೇಸರ್ ಸೂಚಕ. ಬಂದ ಬೆಲೆ 14 ಡಾಲರು 83 ಸೆಂಟು. ಅದು ಕೆಟ್ಟಿದೆಯೆಂಬುದು ಗೊತ್ತಿದೆಯಷ್ಟೆ ಎಂದು ಒಮಿಡ್ಯಾರ್ ಕೊಂಡವನನ್ನು ಕೇಳಿದನಂತೆ. ತಾನು ಕೆಟ್ಟ ಲೇಸರ್ ಸೂಚಕಗಳನ್ನೇ ಸಂಗ್ರಹಿಸುವವನೆಂದು ಅವನಿಂದ ಉತ್ತರ ಬಂತು. ಗುಜರಿಯವನೂ ಮುಟ್ಟದ ವಸ್ತುವಿಗೆ ಎಲ್ಲೋ ಒಬ್ಬ ಗಿರಾಕಿ ಇದ್ದ. ಬೀದಿಯ ಚೌಕಾಸಿಗೆ ಅವನನ್ನು ಹುಡುಕುವ ಶಕ್ತಿ ಇರಲಿಲ್ಲ; ಈ ಹೊಸ ಕಟ್ಟೆಗೆ ಇತ್ತು. ಹತ್ತಿರದವರಿಗೆ ಬೇಡವಾದದ್ದನ್ನು ದೂರದ ಒಬ್ಬನಿಗೆ ಮುಟ್ಟಿಸುವುದರಲ್ಲಿ ಅಂತರಜಾಲದ ಹರಾಜಿಗೆ ಸಾಟಿಯಿಲ್ಲ. ಇದು ಅದರ ನಿಜವಾದ ಸಾಧನೆ.

*

ಎರಡನೆಯದು ಭಾಷೆ. ಅಂತರಜಾಲದಲ್ಲಿ ಕೊಳ್ಳುವವನಿಗೆ ತಟ್ಟಿ ನೋಡಲು ಡಬ್ಬಿ ಇಲ್ಲ, ಕೆರೆದು ನೋಡಲು ಜರಿ ಇಲ್ಲ. ಅವನಿಗೆ ಸಿಗುವುದು ಎರಡು ಚಿತ್ರ ಮತ್ತು ನಾಲ್ಕು ಸಾಲು ವಿವರಣೆ. ಆದ್ದರಿಂದ ಇಲ್ಲಿ ಮಾರಾಟಕ್ಕಿರುವುದು ಮೊದಲು ಮಾತು, ಆಮೇಲೆ ವಸ್ತು.

ಮಾತಿನ ಮೇಲೆ ನಡೆಯುವ ವ್ಯಾಪಾರ ಎಷ್ಟು ಸೂಕ್ಷ್ಮವಾದದ್ದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. ಕಾರಿನ ಒಳದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಮೋಸ ಹೋಗುವ ಭಯದಿಂದ ಕೊಳ್ಳುವವನು ಎಲ್ಲ ಕಾರುಗಳಿಗೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರು ಇದ್ದವನು ಮಾರುವುದಿಲ್ಲ. ಕೊನೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟ ಕಾರುಗಳೇ. ಈ ಸರಳವಾದ ವಿಚಾರಕ್ಕೆ 2001ರಲ್ಲಿ ಅವರಿಗೆ ನೊಬೆಲ್ ಗೌರವದ ಪಾಲು ದೊರೆಯಿತು. ಇದರ ತಾತ್ಪರ್ಯವಿಷ್ಟೆ: ಒಬ್ಬನ ಸುಳ್ಳು ಅವನ ಗಿರಾಕಿಯನ್ನು ಮಾತ್ರವಲ್ಲ, ಪಕ್ಕದ ಪ್ರಾಮಾಣಿಕನನ್ನೂ ಕೆಡಿಸುತ್ತದೆ.

ಈ ರೋಗಕ್ಕೆ ಒಮಿಡ್ಯಾರ್ 1996ರ ಫೆಬ್ರವರಿಯಲ್ಲಿ ಹೂಡಿದ ಮದ್ದು ಪರಸ್ಪರ ಅಭಿಪ್ರಾಯ. ವ್ಯಾಪಾರ ಮುಗಿದ ಮೇಲೆ ಕೊಂಡವನು ಮಾರಿದವನ ಬಗ್ಗೆಯೂ ಮಾರಿದವನು ಕೊಂಡವನ ಬಗ್ಗೆಯೂ ನಾಲ್ಕು ಮಾತು ಬರೆಯಬೇಕು, ಎಲ್ಲರೂ ಅದನ್ನು ಓದಬೇಕು. ಮುಖ ಕಾಣದ ಊರಿನಲ್ಲಿ ಮರ್ಯಾದೆಯನ್ನು ಕಟ್ಟುವ ಈ ಯೋಜನೆ ಬುದ್ಧಿವಂತಿಕೆಯದು. ಆದರೆ ಫಲವೇನಾಯಿತು? ನಾನು ನಿನ್ನನ್ನು ತೆಗಳಿದರೆ ನೀನು ನನ್ನನ್ನು ತೆಗಳುತ್ತೀ ಎಂಬ ಅಂಜಿಕೆಯಿಂದ ಎಲ್ಲರೂ ಎಲ್ಲರನ್ನೂ ಹೊಗಳತೊಡಗಿದರು. ನಮ್ಮ ಪುಸ್ತಕಗಳ ಮುನ್ನುಡಿಗಳನ್ನು ಓದಿ ಬಲ್ಲವರಿಗೆ ಈ ಶೈಲಿ ಹೊಸದಲ್ಲ: ಬರೆದವರೆಲ್ಲ ಭರವಸೆಯ ಕವಿಗಳು, ಸಂಕಲನಗಳೆಲ್ಲ ಸ್ವಾಗತಾರ್ಹ. ಕೊನೆಗೆ 2008ರಲ್ಲಿ, ಮಾರುವವರು ಕೊಂಡವರನ್ನು ತೆಗಳುವಂತಿಲ್ಲವೆಂದು ಈಬೇ ನಿಯಮವನ್ನೇ ಬದಲಿಸಬೇಕಾಯಿತು. ದಾಕ್ಷಿಣ್ಯದ ಪ್ರಶಂಸೆ ವಿಮರ್ಶೆಯ ಕೆಲಸವನ್ನು ಮಾಡಲಾರದು. ಪುಸ್ತಕಕ್ಕೆ ಒಪ್ಪುವ ಈ ಮಾತು ಹಳೆಯ ಕ್ಯಾಮರಾಕ್ಕೂ ಒಪ್ಪುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಆ ಹರಾಜು ಕಟ್ಟೆ ಹುಟ್ಟಿದ ಬಗ್ಗೆ ಬಹಳ ವರ್ಷ ಪ್ರಚಾರದಲ್ಲಿದ್ದ ಕಥೆ ಬೇರೆ. ಒಮಿಡ್ಯಾರನ ಭಾವೀ ಪತ್ನಿ ಪೆಝ್ ಎಂಬ ಮಿಠಾಯಿಯ ಪುಟ್ಟ ಡಬ್ಬಿಗಳನ್ನು ಸಂಗ್ರಹಿಸುತ್ತಿದ್ದಳು, ಅವಳಿಗಾಗಿಯೇ ಅವನು ಇದನ್ನು ಕಟ್ಟಿದ ಎಂಬ ಪ್ರೇಮಕಥೆ ಅದು. ಪತ್ರಿಕೆಗಳಿಗೆ ರುಚಿಸಲೆಂದು ಸಂಸ್ಥೆಯ ಪ್ರಚಾರ ವಿಭಾಗ 1997ರಲ್ಲಿ ಈ ಕಥೆಯನ್ನು ಹೆಣೆದಿತ್ತೆಂಬುದು ಆಡಮ್ ಕೋಹೆನ್ ಅವರ 2002ರ ಪುಸ್ತಕದಿಂದ ಬಯಲಾಯಿತು. ನಿಜವಾದ ಮೊದಲ ಮಾರಾಟದಲ್ಲಿ ಕೆಟ್ಟದ್ದನ್ನು ಕೆಟ್ಟಿದೆ ಎಂದು ಹೇಳಿದ್ದರು. ಅದಕ್ಕಿಂತ ಸುಂದರವಾದ ಕಥೆ ಆ ಸಂಸ್ಥೆಗೆ ಬೇಕಾಗಿರಲಿಲ್ಲ. ಆದರೂ ಸುಳ್ಳಿನ ಜರಿ ಹಚ್ಚಲಾಯಿತು. ಮಾತೇ ಬಂಡವಾಳವಾದ ಕಡೆ ಮಾತನ್ನು ಸಿಂಗರಿಸುವ ಆಸೆ ಯಾರನ್ನೂ ಬಿಡುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

*

ಮೂರನೆಯದು ರಚನೆ, ಅಂದರೆ ಹರಾಜಿನ ಕಟ್ಟಳೆ. ಊರ ಏಲಮ್ಮಿನಲ್ಲಿ ಕೂಗುವವನು 'ಒಂದು ಸಾರಿ, ಎರಡು ಸಾರಿ' ಎಂದು ಹೇಳಿ ಮೂರನೆಯ ಸಾರಿಗೆ ತುಸು ತಡೆಯುತ್ತಾನೆ. ಆ ತಡೆಯುವಿಕೆಯಲ್ಲಿ ಯಾರಾದರೂ ಕೈಯೆತ್ತಿದರೆ ಎಣಿಕೆ ಮತ್ತೆ ಮೊದಲಿನಿಂದ. ಈಬೇಯ ಹರಾಜಿನಲ್ಲಿ ಈ ತಡೆಯುವಿಕೆ ಇಲ್ಲ. ಇಂಥ ದಿನ ಇಂಥ ಗಳಿಗೆಗೆ ಮುಗಿಯಿತೆಂದರೆ ಮುಗಿಯಿತು. ಕೂಗುವವನ ಜಾಗದಲ್ಲಿ ಗಡಿಯಾರ ಕೂತಿದೆ.

ಈ ಏರ್ಪಾಟಿನ ಹಿಂದೆ ಒಂದು ಒಳ್ಳೆಯ ತತ್ತ್ವವೂ ಇದೆಯೆಂಬುದನ್ನು ಮರೆಯಬಾರದು. ನೀವು ಕೊಡಬಲ್ಲ ಅತಿ ಹೆಚ್ಚಿನ ಮೊತ್ತವನ್ನು ಗುಟ್ಟಾಗಿ ಯಂತ್ರಕ್ಕೆ ಹೇಳಿಟ್ಟರೆ ಸಾಕು. ಎದುರಾಳಿಯನ್ನು ಮೀರಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಅದು ಏರಿಸುತ್ತ ಹೋಗುತ್ತದೆ. ನೀವು 1,000 ರೂಪಾಯಿ ಹೇಳಿಟ್ಟು, ಎರಡನೆಯವನು 600ಕ್ಕೆ ನಿಂತರೆ, ನಿಮಗೆ ಅದು 600ಕ್ಕಿಂತ ಸ್ವಲ್ಪ ಹೆಚ್ಚಿಗೆ ದಕ್ಕುತ್ತದೆ. ಗೆದ್ದವನು ತನ್ನ ಬೆಲೆಯನ್ನಲ್ಲ, ಎರಡನೆಯವನ ಬೆಲೆಯನ್ನು ತೆರುವ ಈ ಕ್ರಮದಲ್ಲಿ ಮನಸ್ಸಿನಲ್ಲಿದ್ದುದನ್ನು ಇದ್ದಂತೆ ಹೇಳುವುದೇ ಲಾಭವೆಂದು ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿಕೊಟ್ಟರು. ಅಂಚೆಚೀಟಿ ವ್ಯಾಪಾರಿಗಳು 19ನೆಯ ಶತಮಾನದ ಕೊನೆಗೇ ಟಪಾಲಿನ ಹರಾಜುಗಳಲ್ಲಿ ಇದನ್ನು ಬಳಸುತ್ತಿದ್ದರು. ವಿಕ್ರಿಯವರಿಗೆ 1996ರಲ್ಲಿ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಮೂರೇ ದಿನಗಳಲ್ಲಿ ಅವರು ತೀರಿಕೊಂಡರು.

ಸಿದ್ಧಾಂತ ಹೀಗಿದ್ದರೆ ಆಚರಣೆ ಹೇಗಿತ್ತು? 2002ರಲ್ಲಿ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕನ್‌ಫೆಲ್ಸ್ ಎಂಬ ಇಬ್ಬರು ವಿದ್ವಾಂಸರು ಎರಡು ಕಟ್ಟೆಗಳನ್ನು ಹೋಲಿಸಿದರು. ಒಂದು, ಗಡಿಯಾರಕ್ಕೆ ಕಟ್ಟುಬಿದ್ದ ಈಬೇ. ಇನ್ನೊಂದು, ಅಂದು ಅಮೆಜಾನ್ ನಡೆಸುತ್ತಿದ್ದ ಹರಾಜು. ಅಲ್ಲಿ ಕೊನೆಗಳಿಗೆಯಲ್ಲಿ ಯಾರಾದರೂ ಬೆಲೆ ಏರಿಸಿದರೆ ಅವಧಿ ಹತ್ತು ನಿಮಿಷ ಮುಂದುವರಿಯುತ್ತಿತ್ತು. ನಮ್ಮ 'ಮೂರು ಸಾರಿ'ಯಂತೆಯೇ. ಈಬೇಯಲ್ಲಿ ಕೊನೆಯ ಕ್ಷಣದವರೆಗೆ ಕಾದು ಹೊಂಚುಹಾಕಿ ಬೆಲೆ ಹೇಳುವವರು ಬಹಳ ಹೆಚ್ಚು. ಅವರಲ್ಲಿ ಪಳಗಿದವರೇ ಹೆಚ್ಚು. ಮತ್ತು ಈ ಚಾಳಿ ಕಂಪ್ಯೂಟರಿಗಿಂತ ಪುರಾತನ ವಸ್ತುಗಳ ಹರಾಜಿನಲ್ಲಿ ಅಧಿಕ ಎಂದು ಅವರು ಕಂಡರು. ಕಾರಣ ಸ್ಪಷ್ಟವಾಗಿದೆ. ಹಳೆಯ ವಿಗ್ರಹ ನಿಜವೋ ನಕಲಿಯೋ ಎಂದು ಬಲ್ಲವನು ಬೇಗನೆ ಬಾಯಿಬಿಟ್ಟರೆ, ಅವನು ಕೇಳಿದನೆಂಬುದೇ ಉಳಿದವರಿಗೆ ಪಾಠವಾಗುತ್ತದೆ. ಆದ್ದರಿಂದ ಬಲ್ಲವನು ಮೌನವಾಗಿರುತ್ತಾನೆ.

ಇದು ನನಗೆ ಈ ಪದ್ಧತಿಯ ಅತ್ಯಂತ ದೊಡ್ಡ ದೋಷವಾಗಿ ತೋರುತ್ತದೆ. ಚೋರ್ ಬಜಾರಿನ ಮುದುಕ ವ್ಯಾಪಾರಿ ಲಾಭಕ್ಕಾಗಿಯೇ ಕೂತವನು. ಆದರೂ ಚೌಕಾಸಿಯ ನಡುವೆ 'ಇದು ಎರಕದ್ದು, ಇದು ಬಡಿದು ಮಾಡಿದ್ದು' ಎಂದು ತಿಳಿಸಿಬಿಡುತ್ತಾನೆ. ಅವನ ಜ್ಞಾನ ವ್ಯಾಪಾರದ ಜೊತೆಗೆ ಸೋರುತ್ತದೆ. ಗಡಿಯಾರದ ಹರಾಜಿನಲ್ಲಿ ಜ್ಞಾನ ಹೇಳದಷ್ಟೂ ಲಾಭ. ಬಲ್ಲವನು ಗೆದ್ದು ಹೋಗುತ್ತಾನೆ, ಸೋತವರು ಏನನ್ನೂ ಕಲಿಯದೆ ಉಳಿಯುತ್ತಾರೆ, ಮಾರಿದವನಿಗಂತೂ ತಾನು ಏನನ್ನು ಮಾರಿದೆನೆಂಬುದೇ ತಿಳಿಯುವುದಿಲ್ಲ.

ಬಲ್ಲವರೇ ಇಲ್ಲದ ಕಡೆ ಇದರ ವಿರುದ್ಧದ ಅನಾಹುತ. 1971ರಲ್ಲಿ ಅಮೆರಿಕದ ಮೂವರು ತೈಲ ಎಂಜಿನಿಯರರು ಒಂದು ಮಾತು ಹೇಳಿದರು: ನೆಲದಡಿಯ ಎಣ್ಣೆ ಎಷ್ಟೆಂದು ಯಾರಿಗೂ ನಿಖರವಾಗಿ ಗೊತ್ತಿಲ್ಲದಾಗ, ಹರಾಜಿನಲ್ಲಿ ಗೆಲ್ಲುವವನು ಎಲ್ಲರಿಗಿಂತ ಹೆಚ್ಚು ತಪ್ಪು ಅಂದಾಜು ಮಾಡಿದವನೇ ಆಗಿರುವ ಸಂಭವ ಹೆಚ್ಚು. ಇದನ್ನು ಗೆದ್ದವನ ಶಾಪ ಎಂದು ಕರೆಯುತ್ತಾರೆ. ಹಳೆಯ ನಾಣ್ಯದ ಹಿಂದೆ ಬಿದ್ದು ಗೆದ್ದ ಮರುದಿನ ಅದು ನಕಲಿಯೆಂದು ತಿಳಿದವನಿಗೆ ಈ ಶಾಪದ ಅರ್ಥ ಹೇಳಿಕೊಡಬೇಕಾಗಿಲ್ಲ.

ಆದರೆ ಹೆಚ್ಚು ಕೊಡುವುದೇ ಶಾಪವೆಂದು ಎಲ್ಲೆಡೆ ಹೇಳಲು ಬರುವುದಿಲ್ಲ. ಹೈದರಾಬಾದಿನ ಓದುಗರಿಗೆ ಬಾಲಾಪುರದ ಗಣಪತಿಯ ಲಾಡು ಗೊತ್ತು. 1994ರಲ್ಲಿ 450 ರೂಪಾಯಿಗೆ ಹೋದ ಆ ಲಾಡು 2024ರಲ್ಲಿ 30 ಲಕ್ಷಕ್ಕೂ ಮೇಲೆ ಹೋಯಿತು. ಲಾಡಿನ ಬೆಲೆ ಅಷ್ಟಲ್ಲವೆಂಬುದು ಕೂಗಿದವನಿಗೆ ಗೊತ್ತಿಲ್ಲದ್ದೇ? ಗೊತ್ತಿದೆ, ನೋಡುವವರಿಗೂ ಗೊತ್ತಿದೆ. ಅಲ್ಲಿ ಕೊಟ್ಟ ಹಣ ಭಕ್ತಿಗೂ ಪ್ರತಿಷ್ಠೆಗೂ ಸಲ್ಲುತ್ತದೆ. ಕೊಟ್ಟವನ ಮುಖವನ್ನು ಊರು ನೋಡುತ್ತದೆ. ಮುಖ ನೋಡುವ ಊರು ಇದ್ದಾಗ ಹರಾಜು ಒಂದು ಉತ್ಸವ; ಅದು ಇಲ್ಲದಾಗ ಕೇವಲ ಜೂಜಿನ ರುಚಿ ಉಳಿಯುತ್ತದೆ.

*

ನಮ್ಮ ದೇಶದಲ್ಲಿ ಈ ಪ್ರಯೋಗದ ಗತಿ ಏನಾಯಿತೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. 2000ದಲ್ಲಿ ಮುಂಬಯಿಯಲ್ಲಿ ಬಾಜೀ ಡಾಟ್ ಕಾಮ್ ಎಂಬ ಹರಾಜು ತಾಣ ಆರಂಭವಾಯಿತು. 2004ರಲ್ಲಿ ಈಬೇ ಅದನ್ನು ಸುಮಾರು 5 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷದ ಕೊನೆಗೆ ಸದಸ್ಯನೊಬ್ಬ ಅಲ್ಲಿ ಅಶ್ಲೀಲ ದೃಶ್ಯಸುರುಳಿಯನ್ನು ಮಾರಾಟಕ್ಕಿಟ್ಟ ಪ್ರಕರಣದಲ್ಲಿ ತಾಣದ ಮುಖ್ಯಸ್ಥರೇ ಬಂಧನಕ್ಕೊಳಗಾದರು. ಸಂತೆಗೆ ಬಂದವನ ತಪ್ಪಿಗೆ ಸಂತೆ ನಡೆಸುವವನು ಎಷ್ಟರಮಟ್ಟಿಗೆ ಹೊಣೆ ಎಂಬ ಚರ್ಚೆ ದೇಶದಲ್ಲಿ ಕಾವೇರಿದ್ದು ಅಂದಿನಿಂದ. 2017ರಲ್ಲಿ ಈಬೇಯ ಭಾರತದ ವ್ಯವಹಾರ ಫ್ಲಿಪ್‌ಕಾರ್ಟಿನ ಕೈಸೇರಿತು. 2018ರ ಆಗಸ್ಟಿನಲ್ಲಿ ಆ ತಾಣ ಮುಚ್ಚಿತು.

ಈಗ ನಮ್ಮಲ್ಲಿ ಚಿತ್ರಕಲೆ, ನಾಣ್ಯ, ಅಂಚೆಚೀಟಿಗಳಿಗೆ ಅಂತರಜಾಲದ ಹರಾಜುಗಳಿವೆ; ಸಂಗ್ರಾಹಕರ ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಲ್ಲಿ ಬೆಲೆ ಕೂಗುವುದು ನಡೆದೇ ಇದೆ. 'ಹರಾಜು' ಎಂಬ ಶಬ್ದವಂತೂ 2008ರಿಂದ ಕ್ರಿಕೆಟ್ ಆಟಗಾರರ ದೆಸೆಯಿಂದ ಮಕ್ಕಳ ಬಾಯಲ್ಲೂ ಇದೆ. ಆದರೆ ಮನೆಯ ಸೋಫಾ, ಸ್ಕೂಟರು, ಮಿಕ್ಸರುಗಳು ಹರಾಜಿಗೆ ಹೋಗುವುದಿಲ್ಲ. ಅವು ಓಎಲ್‌ಎಕ್ಸ್‌ನಂಥ ಜಾಹೀರಾತು ತಾಣಗಳಲ್ಲಿ, ಬೆಲೆ ಬರೆದುಕೊಂಡು, ಕೂತಿರುತ್ತವೆ. ಅಲ್ಲಿ ಬರುವ ಮೊದಲ ಪ್ರಶ್ನೆ 'ಲಾಸ್ಟ್ ಎಷ್ಟು?' ಎಂಬುದೇ. ಚೌಕಾಸಿ ಬಾಗಿಲಿನಿಂದ ಎದ್ದುಹೋಗಿ ಫೋನಿನೊಳಗೆ ಕೂತಿದೆ. ಅಮೆರಿಕದಲ್ಲಿಯೂ ಹರಾಜಿನ ಪಾಡು ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಈಬೇ 2000ದಲ್ಲೇ 'ಈಗಲೇ ಕೊಳ್ಳಿ' ಎಂಬ ನಿಗದಿತ ಬೆಲೆಯ ಕ್ರಮವನ್ನು ತಂದಿತು. ಇಂದು ಅದರ ವ್ಯಾಪಾರದ ಬಹುಪಾಲು ಅದೇ. ಒಂದೇ ಒಂದು ಎಂಬಂಥ ವಸ್ತುಗಳಿಗೆ, ಸಂಗ್ರಾಹಕರಿಗೆ ಹರಾಜು ಉಳಿದುಕೊಂಡಿದೆ. ಅದಕ್ಕೆ ತಕ್ಕ ಜಾಗವೂ ಅದೇ ಎನ್ನಬೇಕು.

ಜಾಹೀರಾತು ತಾಣಗಳಲ್ಲಿ ಮೋಸವಿಲ್ಲವೆಂದಲ್ಲ. ಮೇಜನ್ನು ನೋಡದೆಯೇ ಒಪ್ಪಿ, 'ಹಣ ಕಳಿಸಿದ್ದೇನೆ, ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಎನ್ನುವವರಿದ್ದಾರೆ. ಹಣ ಬರಬೇಕಾದರೆ ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕು. ಮೋಸ ಹೋದವರು ತಡಮಾಡದೆ 1930 ಸಂಖ್ಯೆಗೆ ದೂರು ಕೊಡಬೇಕು.

*

ಈಗ ನಮ್ಮ ಅಟ್ಟಕ್ಕೆ ಬರೋಣ. ಮುಂಬಯಿಯ ಭಂಗಾರ್‌ವಾಲಾ, ದೆಹಲಿಯ ಕಬಾಡಿವಾಲಾ, ಚೆನ್ನೈಯ ಕಾಯಲಾನ್ ಕಡೈ, ನಮ್ಮೂರಿನ ಗುಜರಿ, ಈ ನಾಲ್ವರಲ್ಲೂ ಒಂದು ಸಮಾನ ಗುಣವಿದೆ: ಎಲ್ಲರ ಕೈಯಲ್ಲೂ ತಕ್ಕಡಿ. ಅವರಿಗೆ ಹಂಡೆಯೂ ಒಂದೇ, ಮುರಿದ ನಲ್ಲಿಯೂ ಒಂದೇ. ಹಿತ್ತಾಳೆ ಕಿಲೋಗೆ ಇಷ್ಟು, ಕಾಗದ ಕಿಲೋಗೆ ಇಷ್ಟು. ತಪ್ಪು ಅವರದಲ್ಲ. ಹೆಸರು ಕಳೆದುಕೊಂಡ ವಸ್ತುವಿಗೆ ತೂಕ ಬಿಟ್ಟರೆ ಬೇರೆ ಬೆಲೆ ಇರಲು ಸಾಧ್ಯವಿಲ್ಲ.

ಉದಾಹರಣೆಗೆ ಒಂದು ಚೆನ್ನೆಮಣೆಯನ್ನು ತೆಗೆದುಕೊಳ್ಳಿ. ಅದನ್ನು ಮಾರಲು ಹೊರಟ ಮೊಮ್ಮಗ 'ಕುಳಿಗಳಿರುವ ಹಳೆಯ ಮರದ ಪೆಟ್ಟಿಗೆ' ಎಂದು ಬರೆದರೆ, ಅದು ಸಾವಿರ ಪೆಟ್ಟಿಗೆಗಳ ನಡುವೆ ಕಳೆದುಹೋಗುತ್ತದೆ. 'ಚೆನ್ನೆಮಣೆ, ತುಳುನಾಡಿನ ಆಟದ ಹಲಗೆ, ಎರಡು ಸಾಲು, ಸಾಲಿಗೆ ಏಳು ಮನೆ, ಹಲಸಿನ ಮರ, ಒಂದು ಮೂಲೆ ಸೀಳಿದೆ, ಕಾಯಿಗಳಿಲ್ಲ' ಎಂದು ಬರೆದರೆ, ಹುಡುಕುತ್ತಿರುವವನಿಗೆ ಅದು ಸಿಗುತ್ತದೆ. ಎರಡನೆಯ ವಿವರಣೆಯಲ್ಲಿ ಅಲಂಕಾರ ಒಂದೂ ಇಲ್ಲ. ಸೀಳಿದ ಮೂಲೆಯನ್ನೂ ಮುಚ್ಚಿಟ್ಟಿಲ್ಲ. ಹರಾಜಾಗಲಿ ಜಾಹೀರಾತಾಗಲಿ, ಒಳ್ಳೆಯ ವಿವರಣೆಯ ಲಕ್ಷಣ ಇಷ್ಟೆ: ಹೆಸರು, ಊರು, ಅಳತೆ, ದೋಷ.

ಪುಸ್ತಕಗಳ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಲಿಪಿ ಬಾರದ ಮಕ್ಕಳು 'ದಕ್ಷಿಣ ಭಾರತದ ಭಾಷೆಯ ಹಳೆಯ ಪುಸ್ತಕಗಳು, ಒಂದು ಪೆಟ್ಟಿಗೆ' ಎಂದು ಬರೆದರೆ ಅದು ರದ್ದಿಯ ಭಾಷೆ. ಅದೇ ಪೆಟ್ಟಿಗೆಯಲ್ಲಿ 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯ ಯಾವುದೋ ಪ್ರಥಮ ಮುದ್ರಣ ಇರಬಹುದು. ಪ್ರಕಾಶಕರು, ಇಸವಿ, ಎಷ್ಟನೆಯ ಮುದ್ರಣ, ಹೊದಿಕೆ ಇದೆಯೇ, ಯಾರದಾದರೂ ಹಸ್ತಾಕ್ಷರವಿದೆಯೇ, ಈ ಐದು ವಿವರಗಳನ್ನು ತಲೆಬರಹದ ಪುಟ ನೋಡಿ ಬರೆಯಲು ಪುಸ್ತಕಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ಕೊಡಬಲ್ಲವರು ಕನ್ನಡ ಓದಬಲ್ಲವರು ಮಾತ್ರ. ನಮ್ಮ ಎಷ್ಟೋ ಮನೆಗಳಲ್ಲಿ ಅಂಥವರು ಈಗ ಒಬ್ಬರೋ ಇಬ್ಬರೋ ಉಳಿದಿದ್ದಾರೆ.

ಕಾನೂನಿನ ಒಂದು ಮಾತು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಮೇಲ್ಪಟ್ಟ ವಿಗ್ರಹ, ನಾಣ್ಯ, ಚಿತ್ರ, ಕುಶಲ ಕಲಾಕೃತಿಗಳು ಪುರಾವಸ್ತುಗಳು. ಸಾಹಿತ್ಯಕ ಅಥವಾ ಐತಿಹಾಸಿಕ ಮೌಲ್ಯವುಳ್ಳ ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷವೇ ಸಾಕು. ಇಂಥವುಗಳಲ್ಲಿ ಕೆಲವು ಬಗೆಯವನ್ನು ನೋಂದಾಯಿಸಬೇಕು. ಇವುಗಳ ವ್ಯಾಪಾರ ಮಾಡಲು ಪರವಾನಗಿ ಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೇ ಇಲ್ಲ. ಅಜ್ಜಿಯ ಪೂಜೆಯ ಕಂಚಿನ ಮೂರ್ತಿಯನ್ನೋ ತಾಳೆಗರಿಯ ಕಟ್ಟನ್ನೋ ಅಮೆರಿಕದ ತಾಣದಲ್ಲಿ ಹರಾಜಿಗಿಡುವ ಮುನ್ನ ಮಕ್ಕಳು ಇದನ್ನು ತಿಳಿದಿರಬೇಕು.

ಇನ್ನು, ಬೆಲೆ ಕಟ್ಟುವುದೊಂದೇ ದಾರಿಯಲ್ಲ. ಪುಣೆಯ ಓದುಗರು ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವನ್ನು ನೋಡಿರುತ್ತಾರೆ. ದಿನಕರ ಕೇಳಕರರು ಹಳೆಯ ಮನೆಗಳಿಂದ ದೀಪ, ಅಡಕತ್ತರಿ, ಅಡುಗೆಮನೆಯ ಪಾತ್ರೆಗಳನ್ನು ಒಂದೊಂದಾಗಿ ಕೊಂಡು ಕೂಡಿಸಿ, ಬಾಲ್ಯದಲ್ಲೇ ತೀರಿಕೊಂಡ ಮಗನ ಹೆಸರಿನಲ್ಲಿ ಎಲ್ಲವನ್ನೂ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ (1934–2017) ಕೆಡವಿ ಬಿಸುಡುತ್ತಿದ್ದ ಮನೆಗಳನ್ನೇ ತಂದು ಮತ್ತೆ ನಿಲ್ಲಿಸಿದರು. ಅವರಿಬ್ಬರೂ ಸೆಕೆಂಡ್ ಹ್ಯಾಂಡ್ ವಸ್ತುಗಳ ಗಿರಾಕಿಗಳೇ. ಅಲ್ಲಿ ಅಡಕತ್ತರಿ ಅಡಕತ್ತರಿಯಾಗಿಯೇ ಇದೆ. ಅದಕ್ಕೆ ಹೆಸರಿನ ಚೀಟಿ ಇದೆ.

ಕೊನೆಯದಾಗಿ ತೀರ್ಪು ಹೇಳುವುದಾದರೆ, ಅಂತರಜಾಲದ ಹರಾಜು ಉಪಯುಕ್ತವಾದ ಆದರೆ ಅಪೂರ್ಣವಾದ ಕೃತಿ. ದೂರದ ಗಿರಾಕಿಯನ್ನು ಹುಡುಕುವುದರಲ್ಲಿ ಅದು ಗೆದ್ದಿದೆ. ಬಲ್ಲವರ ಜ್ಞಾನವನ್ನು ಹಂಚುವುದರಲ್ಲಿ ಸೋತಿದೆ. ವಸ್ತುವಿನ ಬೆಲೆಯನ್ನು ಅದು ಹೇಳಬಲ್ಲದು. ವಸ್ತು ಏನೆಂಬುದನ್ನು ನಾವೇ ಹೇಳಿಕೊಡಬೇಕು. ಆದ್ದರಿಂದ ಮಾರುವ ವಿಚಾರ ಆಮೇಲೆ ಇರಲಿ. ಈ ರಜೆಯಲ್ಲಿ ಮಕ್ಕಳು ಬಂದಾಗ ಅಟ್ಟದಿಂದ ಒಂದೊಂದನ್ನೇ ಇಳಿಸಿ, ಇದು ಗಂಗಾಳ, ಇದು ಕೊಪ್ಪರಿಗೆ, ಇದು ಶಾವಿಗೆ ಒರಳು, ಇಂಥ ಊರಿನದು, ಇಂಥವರು ತಂದದ್ದು ಎಂದು ಅವರ ಫೋನಿನಲ್ಲೇ ಬರೆಸಿರಿ. ಬರೆದಾದ ಮೇಲೂ ಮಾರಬೇಕೆನಿಸಿದರೆ ಧಾರಾಳವಾಗಿ ಮಾರಬಹುದು.